ದ-ಧ ಪರೀಕ್ಷೆ: ಬೂಷ್ಟು ಹಿಡಿದ 6 ಮೆಗಾಪಿಕ್ಸೆಲ್ ಕ್ಯಾಮೆರಾ ರಿಪೇರಿ

ಅಟ್ಟದ ಟ್ರಂಕಿನಲ್ಲಿ ಚಿಕ್ಕಪ್ಪನ ಹಳೇ ನಿಕಾನ್ ಡಿ40 ಸಿಕ್ಕಿತು. ಜೊತೆಗೆ ಒಂದು 50 ಎಂಎಂ ಎಫ್/1.8 ಡಿ ಲೆನ್ಸ್. ಎರಡನ್ನೂ ಪಂಚೆ ತುಂಡಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಲು ಜೋಪಾನವಾಗಿ ಇಟ್ಟಿದ್ದರು. ಆ ಜೋಪಾನವೇ ಮುಳುವಾಯಿತು. ನಮ್ಮದು ಶಿರಸಿ ಕಡೆ. ಮಳೆಗಾಲ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು. ಗಾಳಿಯಾಡದ ಕವರಿನೊಳಗೆ ಬಟ್ಟೆ ಸುತ್ತಿಟ್ಟ ಲೆನ್ಸನ್ನು ಅದು ಬಿಡುತ್ತದೆಯೇ? ಟಾರ್ಚ್ ಹಿಡಿದು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ.

ಅಕ್ಕನ ಮಗ, ನಮ್ಮ ಮಾಣಿ (ಹುಡುಗ), ಪಕ್ಕದಲ್ಲೇ ಇದ್ದ. ಫೋನಿನಲ್ಲಿ ಡಿ40 ಅಂತ ಹುಡುಕಿದವನೇ ನಕ್ಕುಬಿಟ್ಟ. "ಮಾವ, ಇದು ಬರೀ ಆರು ಮೆಗಾಪಿಕ್ಸೆಲ್. ನನ್ನ ಫೋನೇ ಐವತ್ತು. ಇದಕ್ಕೆ ದುಡ್ಡು ಹಾಕದು ಎಂತಕ್ಕೆ?"

ಪ್ರಶ್ನೆ ಸರಿಯಾದದ್ದೇ. ಡಿ40 2006ರ ಕೊನೆಯಲ್ಲಿ ಬಂದ ಕ್ಯಾಮೆರಾ. ಫೋಟೊ ಅಡ್ಡಕ್ಕೆ 3008 ಚುಕ್ಕಿ (ಪಿಕ್ಸೆಲ್), ಉದ್ದಕ್ಕೆ 2000 ಚುಕ್ಕಿ, ಗುಣಿಸಿದರೆ 60 ಲಕ್ಷ ಚಿಲ್ಲರೆ, ಅಂದರೆ ಆರು ಮೆಗಾಪಿಕ್ಸೆಲ್. ಅವನ ಫೋನಿನಲ್ಲಿ 8160 ಅಡ್ಡ, 6120 ಉದ್ದ, ಹತ್ತಿರ ಹತ್ತಿರ ಐದು ಕೋಟಿ. ಲೆಕ್ಕದಲ್ಲಿ ನಾನು ಸೋತಾಗಿದೆ. ಆದರೆ ನನಗೂ ಒಂದು ಹಟ ಬಂತು. ರಿಪೇರಿಯ ಒಂದೊಂದು ಹಂತದಲ್ಲೂ ಒಂದೇ ಫೋಟೊ ತೆಗೆಯೋಣ, ಏನು ಬದಲಾಗುತ್ತದೆ ನೋಡೋಣ ಅಂತ. ಮೆಗಾಪಿಕ್ಸೆಲ್ ಶುರುವಿನಿಂದ ಕೊನೆಯ ತನಕ ಆರೇ ಇತ್ತು. ಫೋಟೊ ಮಾತ್ರ ನಾಲ್ಕು ಸಲ ಬದಲಾಯಿತು.

ಮೊದಲು ಜೀವ ಬರಲಿ

ಬ್ಯಾಟರಿ ಸತ್ತಿತ್ತು, ಅದೇನು ಆಶ್ಚರ್ಯವಲ್ಲ. ಇಎನ್-ಇಎಲ್9 ಅಂತ ಹುಡುಕಿದರೆ ಬೇರೆ ಕಂಪನಿಗಳವು ಈಗಲೂ ಸಿಗುತ್ತವೆ, ಒಂದು ತರಿಸಿದೆ. ಮನೆಯಲ್ಲಿದ್ದ 64 ಜಿಬಿ ಕಾರ್ಡ್ ಹಾಕಿದೆ, ಕ್ಯಾಮೆರಾ ಅದನ್ನು ಮೂಸಿಯೂ ನೋಡಲಿಲ್ಲ. ಆ ಕಾಲದ ಕ್ಯಾಮೆರಾಗಳಿಗೆ 32 ಜಿಬಿ ತನಕದ ಎಸ್‌ಡಿಎಚ್‌ಸಿ ಕಾರ್ಡ್ ಮಾತ್ರ ಆಗುತ್ತದೆ, 64ರಿಂದ ಮುಂದಿನದು ಬೇರೆ ಜಾತಿ. ಹಳೇ ಫೋನಿನಲ್ಲಿದ್ದ 8 ಜಿಬಿ ಕಾರ್ಡ್ ಅಡಾಪ್ಟರಿಗೆ ಸಿಕ್ಕಿಸಿ ಹಾಕಿದೆ. ಶಟರ್ ಚಟಕ್ ಅಂತು. ಅಷ್ಟು ಸಾಕಿತ್ತು ಆ ದಿನಕ್ಕೆ.

ಪರೀಕ್ಷೆಗೆ ಏನು ಇಡುವುದು ಅಂತ ಯೋಚಿಸಿದೆ. ಗೆರೆ ಗೆರೆಯ ಟೆಸ್ಟ್ ಚಾರ್ಟ್ ಪ್ರಿಂಟ್ ಮಾಡಿಸಬಹುದಿತ್ತು. ಕನ್ನಡ ಪೇಪರ್ ಇರುವಾಗ ಅದೆಲ್ಲ ಯಾಕೆ? ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರಲ್ಲ, ಹೊಟ್ಟೆ ಸೀಳಿದರೆ ಮಹಾಪ್ರಾಣ ಅಂತ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವೆ ಇರುವುದು ಅಡಿಯ ಒಂದು ಪುಟ್ಟ ಸೀಳು ಮಾತ್ರ. ಪೇಪರಿನ ಸಣ್ಣಕ್ಷರದಲ್ಲಿ ಅದು ಅಂದಾಜು ಕಾಲು ಮಿಲಿಮೀಟರ್. ಪೇಪರಿನ ಎರಡು ಪುಟ ಬಿಡಿಸಿ ಗೋಡೆಗೆ ಅಂಟಿಸಿದೆ. ಅಗಲ ಸುಮಾರು 66 ಸೆಂಟಿಮೀಟರ್. ಆ ಅಗಲ ಫೋಟೊದ ಅಗಲಕ್ಕೆ ಸರಿಯಾಗಿ ತುಂಬಬೇಕಾದರೆ 50 ಎಂಎಂ ಲೆನ್ಸ್ ಇಟ್ಟುಕೊಂಡು ಒಂದೂವರೆ ಮೀಟರ್ ಹಿಂದೆ ನಿಲ್ಲಬೇಕು. ಆಗ ಪೇಪರಿನ ಒಂದು ಮಿಲಿಮೀಟರಿಗೆ ಸುಮಾರು ನಾಲ್ಕೂವರೆ ಪಿಕ್ಸೆಲ್ ಸಿಗುತ್ತದೆ. ಅಂದರೆ ಧ ಅಕ್ಷರದ ಸೀಳಿಗೆ ಬರುವುದು ಒಂದೇ ಒಂದು ಪಿಕ್ಸೆಲ್, ಇನ್ನು ಸ್ವಲ್ಪ. ಆರು ಮೆಗಾಪಿಕ್ಸೆಲ್‌ನ ಅಂಚಿನ ಮೇಲೇ ನಿಂತ ಪರೀಕ್ಷೆ ಇದು. ಎಲ್ಲ ಸರಿ ಇದ್ದರೆ ಪಾಸು, ಒಂದು ತಪ್ಪಿದರೂ ಫೇಲು.

ಮೊದಲ ಫೋಟೊ, ಬೂಷ್ಟು ಇದ್ದ ಹಾಗೆಯೇ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಇಡೀ ಫೋಟೊ ಚಳಿಗಾಲದ ಬೆಳಗಿನ ಹಾಗೆ ಮಸುಕು. ಕಪ್ಪು ಕಪ್ಪಾಗಿಲ್ಲ, ಬೂದಿ ಬಣ್ಣ. "ವಿಧಾನಸಭೆ" ಎಂಬುದು "ವಿದಾನಸಬೆ" ಆಗಿ ಕೂತಿತ್ತು. ಒತ್ತಕ್ಷರಗಳೆಲ್ಲ ಇರುವೆ ಮೊಟ್ಟೆ. ಮಾಣಿಗೆ ಖುಷಿಯೋ ಖುಷಿ.

ರಬ್ಬರ್ ಬುಷ್, ಹೈಡ್ರೋಜನ್ ಪೆರಾಕ್ಸೈಡ್

ಈ ಲೆನ್ಸಿನ ಒಂದು ಒಳ್ಳೆಯ ಗುಣವೆಂದರೆ ಸರಳ. ಮುಂದೆ ಗಾಜಿನ ಸುತ್ತ ಹೆಸರು ಬರೆದ ಒಂದು ರಿಂಗ್ ಇರುತ್ತದೆ. ಅದಕ್ಕೆ ಸ್ಕ್ರೂ ಇಲ್ಲ, ಹಿಡಿಯಲು ಕಚ್ಚೂ ಇಲ್ಲ. ರಬ್ಬರನ್ನು ಒತ್ತಿ ಹಿಡಿದು ತಿರುಗಿಸಿಯೇ ಬಿಚ್ಚಬೇಕು. ಅದಕ್ಕೆಂದೇ ರಬ್ಬರ್ ಟೂಲ್ ಸೆಟ್ ಮಾರುತ್ತಾರೆ. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ಮೂರು ಸೈಜಿನದು ತಂದೆ. ಬುಷ್ ಬುಡಮೇಲು ಮಾಡಿದರೆ ಅದರ ತೂತಿನ ಅಂಚು ರಿಂಗಿಗೆ ಮಾತ್ರ ತಾಗುತ್ತದೆ, ಗಾಜಿಗೆ ತಾಗುವುದಿಲ್ಲ. ಮಧ್ಯದ ಸೈಜಿನದು ಸರಿಯಾಯಿತು. ಜೋರಾಗಿ ಒತ್ತಿ ಎಡಕ್ಕೆ ತಿರುಗಿಸಿದೆ. ಜಾರಿತು. ಬುಷ್ಷನ್ನು ಸೋಪು ಹಾಕಿ ತೊಳೆದು ಒಣಗಿಸಿ ಮತ್ತೆ ಹಿಡಿದೆ. ಕ್ರಿಕ್ ಅಂತ ಬಿಟ್ಟುಕೊಂಡಿತು. ಅದರ ಹಿಂದೆ ಮುಂಭಾಗದ ಗಾಜಿನ ಗುಂಪು, ಅದೂ ತಿರುಗಿಸಿದರೆ ಬಂತು. ಬಿಚ್ಚುವ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ, ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಫೋಟೊ. ಹೌದು, ಅದೇ ಐವತ್ತು ಮೆಗಾಪಿಕ್ಸೆಲ್ ಫೋನಿನಲ್ಲಿ.

ಬೂಷ್ಟು ಇದ್ದದ್ದು ಆ ಗುಂಪಿನ ಒಳಮೈಯಲ್ಲಿ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡನ್ನು ಲೆನ್ಸ್ ಟಿಶ್ಯೂಗೆ ಎರಡೇ ಹನಿ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಬಂದೆ. ಒಂದು ಟಿಶ್ಯೂ ಒಂದೇ ಸಲಕ್ಕೆ, ತಿರುಗಿಸಿ ಮತ್ತೆ ಒರೆಸಬಾರದು, ಒರೆಸಿದರೆ ಬೂಷ್ಟನ್ನೇ ಮತ್ತೆ ಬಳಿದ ಹಾಗೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ಕೈ. ಹನಿ ಹೆಚ್ಚಾದರೆ ಗಾಜಿನ ಅಂಚಿನಿಂದ ಒಳಗೆ ಇಳಿದು ಇನ್ನೊಂದು ತಲೆನೋವು. ಅದಕ್ಕೇ ಟಿಶ್ಯೂಗೆ ಹಾಕಬೇಕು, ಗಾಜಿಗಲ್ಲ.

ಏಳು ಟಿಶ್ಯೂ ಮುಗಿದ ಮೇಲೆ ಟಾರ್ಚ್ ಹಿಡಿದೆ. ಎಳೆಗಳು ಹೋಗಿದ್ದವು. ಒಂದು ಕಡೆ ಮಾತ್ರ ನರದ ಹಾಗೆ ಸಣ್ಣ ಗುರುತು ಉಳಿದಿದೆ. ಅದು ಬೂಷ್ಟಲ್ಲ, ಬೂಷ್ಟು ಬಿಟ್ಟ ಆಮ್ಲ ಗಾಜಿನ ಮೇಲಿನ ಕೋಟಿಂಗ್ ತಿಂದ ಜಾಗ. ಅದು ಹೋಗುವುದಿಲ್ಲ. ಬಿಸಿಲಿಗೆ ಮುಖ ಮಾಡಿ ತೆಗೆದರೆ ಅಲ್ಪಸ್ವಲ್ಪ ಕಾಣಬಹುದು, ಬೇರೆ ಸಮಯದಲ್ಲಿ ಪತ್ತೆಯೂ ಆಗುವುದಿಲ್ಲ.

ಜೋಡಿಸಿ ಕ್ಯಾಮೆರಾಗೆ ಹಾಕಿದೆ. ಶಟರ್ ಒತ್ತಿದರೆ ಬೀಳುತ್ತಿಲ್ಲ! ಪರದೆಯಲ್ಲಿ ಎಫ್-ಇ-ಇ ಅಂತ ಮಿಣಮಿಣ. ಎದೆ ಧಸಕ್ ಅಂತು. ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೂತಿನ, ಎಲೆಗಳನ್ನು ಏನೋ ಮಾಡಿಬಿಟ್ಟೆ ಅಂದುಕೊಂಡು ಮತ್ತೆ ಎಲ್ಲ ಬಿಚ್ಚಿದೆ, ಮತ್ತೆ ಜೋಡಿಸಿದೆ, ಮತ್ತೆ ಅದೇ. ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ಈ ಲೆನ್ಸಿಗೆ ಹಳೇ ಕಾಲದ ಅಪರ್ಚರ್ ರಿಂಗ್ ಇದೆ, ಅದು ಕಿತ್ತಳೆ ಬಣ್ಣದ 22ರ ಮೇಲೆ ನಿಂತಿದ್ದರೆ ಮಾತ್ರ ಈ ಕ್ಯಾಮೆರಾ ಒಪ್ಪುತ್ತದೆ. ಬುಷ್ ತಿರುಗಿಸುವ ಭರದಲ್ಲಿ ಅದು 16ಕ್ಕೆ ಸರಿದಿತ್ತು. ಪಕ್ಕದಲ್ಲೇ ಲಾಕ್ ಇದೆ, ಹಾಕಿರಲಿಲ್ಲ. ಹಾಕಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಎರಡನೇ ಫೋಟೊ. ಬೂದಿ ಹೋಗಿ ಕಪ್ಪು ಬಂತು. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ವಿಧಾನಸಭೆಯ ಧ ಇನ್ನೂ ಅನುಮಾನ, ಆದರೆ ಕೆಳಗೆ ಏನೋ ಒಂದು ಇದೆ ಅಂತ ಗೊತ್ತಾಗುತ್ತಿತ್ತು. ಮೆಗಾಪಿಕ್ಸೆಲ್: ಆರು.

ಸೆನ್ಸರ್ ಮೇಲಿನ ದೂಳು, ಮತ್ತು ನನಗೇ ಗೊತ್ತಿಲ್ಲದೆ ಮಾಡಿದ ತಪ್ಪು

ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಫೋಟೊ ಮಾಡುವ ಫಲಕ. ಅದರ ಮೇಲಿನ ದೂಳು ನೋಡುವ ಉಪಾಯ ಸುಲಭ. ಅಪರ್ಚರನ್ನು ಎಫ್/22ಕ್ಕೆ (ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣ) ಇಟ್ಟು, ಫೋಕಸ್ ಕೆಡಿಸಿ, ಬೋಳು ಆಕಾಶದ ಒಂದು ಫೋಟೊ. ದೂಳೆಲ್ಲ ಕಪ್ಪು ಚುಕ್ಕೆಯಾಗಿ ಬೀಳುತ್ತದೆ. ನನ್ನದರಲ್ಲಿ 37 ಎಣಿಸಿ ನಿಲ್ಲಿಸಿದೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಸೆನ್ಸರ್ ಮುಂದಿನ ಕನ್ನಡಿ ಮೇಲೆತ್ತಿ ಹಿಡಿಯುವ ಆಯ್ಕೆ ಒತ್ತಿದೆ. ಚಾರ್ಜ್ ಕಡಿಮೆ ಇದ್ದರೆ ಆ ಆಯ್ಕೆಯೇ ಸಿಗುವುದಿಲ್ಲ, ಒಳ್ಳೆಯದೇ, ನಡುವೆ ಕನ್ನಡಿ ಕೆಳಗೆ ಬಿದ್ದರೆ ಗತಿ? ಕ್ಯಾಮೆರಾವನ್ನು ಮುಖ ಕೆಳಗೆ ಮಾಡಿ ಹಿಡಿದು ಬ್ಲೋವರಿನಿಂದ ಗಾಳಿ ಹೊಡೆದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. 37 ಇದ್ದದ್ದು 14ಕ್ಕೆ ಇಳಿಯಿತು. ಉಳಿದವು ಅಂಟಿಕೊಂಡವು. ಅದಕ್ಕೆ 16 ಮಿಲಿಮೀಟರ್ ಅಗಲದ ಸ್ವಾಬ್ (ಒರೆಸುವ ಕಡ್ಡಿ) ಸಿಗುತ್ತದೆ, ಈ ಸೆನ್ಸರಿನ ಎತ್ತರ 15.6 ಮಿಲಿಮೀಟರ್ ಆದ್ದರಿಂದ ಒಂದೇ ಎಳೆತಕ್ಕೆ ಸರಿ. ಎರಡು ಹನಿ ದ್ರವ, ಎಡದಿಂದ ಬಲಕ್ಕೆ ಒಂದು, ಸ್ವಾಬ್ ತಿರುಗಿಸಿ ಬಲದಿಂದ ಎಡಕ್ಕೆ ಒಂದು. ಕೈ ನಡುಗುತ್ತಿತ್ತು ನಿಜ. ನಾವು ಮುಟ್ಟುವುದು ಸೆನ್ಸರನ್ನೇ ಅಲ್ಲ, ಅದರ ಮುಂದಿನ ಗಾಜಿನ ಫಿಲ್ಟರನ್ನು ಅಂತ ನೂರು ಸಲ ಹೇಳಿಕೊಂಡೆ. ಎರಡನೇ ಸ್ವಾಬಿಗೆ ಎರಡೇ ಚುಕ್ಕೆ ಉಳಿದವು. ಸಾಕು ಮಾರಾಯ್ರೇ, ಇನ್ನು ಮುಟ್ಟಿದರೆ ಇದ್ದದ್ದೂ ಹೋದೀತು.

ಖುಷಿಯಲ್ಲಿ ಹೋಗಿ ಪೇಪರಿನ ಫೋಟೊ ತೆಗೆದೆ. ಹಿಂದಿನದಕ್ಕಿಂತ ಕೆಟ್ಟದಾಗಿ ಬಂತು! ದ-ಧ ಎಲ್ಲ ಒಂದೇ. ಸ್ವಾಬಿನಲ್ಲಿ ಗೀರು ಬಿತ್ತೇ ಅಂತ ಮತ್ತೆ ಎದೆ ಧಸಕ್. ನೋಡಿದರೆ ಅಪರ್ಚರ್ ಇನ್ನೂ ಎಫ್/22ರಲ್ಲೇ ಇದೆ. ದೂಳು ನೋಡಲು ಇಟ್ಟವನು ತಿರುಗಿ ಬದಲಿಸಿರಲಿಲ್ಲ.

ಇದು ತಪ್ಪಾದರೂ ಒಳ್ಳೆಯ ಪಾಠ ಕಲಿಸಿತು, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಸಣ್ಣ ತೂತಿನ ಮೂಲಕ ಹೋಗುವ ಬೆಳಕು ಹರಡುತ್ತದೆ. ಎಷ್ಟೇ ಒಳ್ಳೆಯ ಲೆನ್ಸ್ ಇರಲಿ, ಒಂದು ಸೂಜಿಮೊನೆಯಷ್ಟು ಬೆಳಕು ಸೆನ್ಸರಿನ ಮೇಲೆ ಒಂದು ಪುಟ್ಟ ತಟ್ಟೆಯಾಗಿ ಬೀಳುತ್ತದೆ. ಆ ತಟ್ಟೆಯ ಅಗಲ ಸುಮಾರಾಗಿ 2.44 ಗುಣಿಸು ಬೆಳಕಿನ ತರಂಗದ ಉದ್ದ ಗುಣಿಸು ಎಫ್ ಸಂಖ್ಯೆ. ಹಸಿರು ಬೆಳಕು 0.55 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತ ಹಿಡಿದರೆ ಎಫ್/22ರಲ್ಲಿ ತಟ್ಟೆ 29 ಮೈಕ್ರಾನ್ ದಾಟುತ್ತದೆ. ಡಿ40ಯ ಒಂದು ಪಿಕ್ಸೆಲ್ 7.9 ಮೈಕ್ರಾನ್. ಅಂದರೆ ಒಂದು ಚುಕ್ಕಿ ಹೆಚ್ಚುಕಡಿಮೆ ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡಿತು. ಒಂದು ಪಿಕ್ಸೆಲ್‌ನ ಸೀಳು ಅಲ್ಲಿ ಎಲ್ಲಿ ಕಾಣಬೇಕು? ಎಫ್/5.6ಕ್ಕೆ ತಂದೆ, ತಟ್ಟೆ 7.5 ಮೈಕ್ರಾನ್ ಆಯಿತು, ಒಂದು ಪಿಕ್ಸೆಲ್‌ನೊಳಗೇ ಕೂತಿತು.

ಇದೇ ಲೆಕ್ಕ ಫೋನಿಗೂ ಹಾಕಿ. ಲೆನ್ಸ್ ಎಫ್/1.8, ತಟ್ಟೆ 2.4 ಮೈಕ್ರಾನ್. ಪಿಕ್ಸೆಲ್ ಒಂದೇ ಮೈಕ್ರಾನ್. ಅಂದರೆ ಲೆನ್ಸ್ ದೇವರು ಮಾಡಿಕೊಟ್ಟದ್ದಾದರೂ ಒಂದು ಚುಕ್ಕಿ ಎರಡು ಪಿಕ್ಸೆಲ್ ಮೀರಿ ಹರಡಿಯೇ ಹರಡುತ್ತದೆ. ಐದು ಕೋಟಿ ಪಿಕ್ಸೆಲ್ ಇದೆ ಎಂಬುದು ಸುಳ್ಳಲ್ಲ. ಐದು ಕೋಟಿ ಬೇರೆ ಬೇರೆ ವಿವರ ಇಲ್ಲ, ಅಷ್ಟೇ.

ಫೋಕಸ್ ಎಂಬ ಕಾಟ

ಮೂರನೇ ಫೋಟೊ ಎಫ್/5.6ರಲ್ಲಿ. ಅಕ್ಷರ ಚೂಪು. ಆದರೂ ಧ ಒಂದು ಸಲ ಕಾಣುತ್ತದೆ, ಇನ್ನೊಂದು ಸಲ ಇಲ್ಲ. ಹತ್ತು ಫೋಟೊ ತೆಗೆದರೆ ಮೂರು ಪಾಸು.

ಡಿ40ಯ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಈ ಲೆನ್ಸಿನಲ್ಲೂ ಇಲ್ಲ. ಹಾಗಾಗಿ ಕೈಯಲ್ಲೇ ತಿರುಗಿಸಬೇಕು. ಫೋಕಸ್ ಬಿದ್ದಾಗ ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ಮೂಲೆಯಲ್ಲಿ ಹಸಿರು ಚುಕ್ಕೆ ಹತ್ತುತ್ತದೆ. ಆ ಹಸಿರು ಚುಕ್ಕೆ ಸ್ವಲ್ಪ ಉದಾರಿ, ರಿಂಗನ್ನು ಒಂದು ಕೂದಲೆಳೆ ಆಚೀಚೆ ತಿರುಗಿಸಿದರೂ ಹತ್ತಿಕೊಂಡೇ ಇರುತ್ತದೆ. ಜೊತೆಗೆ ವ್ಯೂಫೈಂಡರ್ ನನಗೆ ಮಸುಕಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕಣ್ಣಿನ ಪವರ್ ಹೊಂದಿಸುವ ಸಣ್ಣ ಗುಂಡಿ ಇದೆ, ಅದು ಚಿಕ್ಕಪ್ಪನ ಕಣ್ಣಿಗೆ ನಿಂತಿತ್ತು! ನನ್ನ ಕಣ್ಣಿಗೆ ಹೊಂದಿಸಿದೆ. ಎಫ್/1.8ರಲ್ಲಿ ಒಂದೂವರೆ ಮೀಟರ್ ದೂರಕ್ಕೆ ಪಿಕ್ಸೆಲ್ ಮಟ್ಟದಲ್ಲಿ ಚೂಪಾಗಿ ಇರುವ ಆಳ ಬರೀ ಒಂದು ಇಂಚಿನಷ್ಟು. ಎಫ್/5.6ರಲ್ಲಿ ಮೂರು ಇಂಚು. ಕೈ ಅಲುಗಾಟ ಬೇರೆ. ಸ್ಟ್ಯಾಂಡಿಗೆ ಹಾಕಿ, 10 ಸೆಕೆಂಡ್ ಟೈಮರ್ ಇಟ್ಟು, ಹಸಿರು ಚುಕ್ಕೆ ಹತ್ತುವ ಜಾಗ ಮತ್ತು ಆರುವ ಜಾಗ ಎರಡನ್ನೂ ನೋಡಿಕೊಂಡು ನಡುವೆ ನಿಲ್ಲಿಸಿದೆ.

ನಾಲ್ಕನೇ ಫೋಟೊ. ವಿ-ಧಾ-ನ-ಸ-ಭೆ. ಧಕ್ಕೂ ಸೀಳು, ಭಕ್ಕೂ ಸೀಳು. ಕೆಳಗಿನ ಅಡಿಕೆ ಧಾರಣೆಯ ಪಟ್ಟಿಯಲ್ಲಿ ಚಾಲಿ, ರಾಶಿ, ಬೆಟ್ಟೆ ಎಲ್ಲದರ ರೇಟೂ ಓದಬಹುದಿತ್ತು. ಹತ್ತಕ್ಕೆ ಒಂಬತ್ತು ಪಾಸು. ಮೆಗಾಪಿಕ್ಸೆಲ್ ಆರೇ.

ಈಗ ಫೋನಿನ ಸರದಿ

ಮೋಸ ಬೇಡ ಅಂತ ಫೋನನ್ನೂ ಅದೇ ಸ್ಟ್ಯಾಂಡಿಗೆ ಕಟ್ಟಿ, ಪೇಪರ್ ಫೋಟೊದ ಅಗಲಕ್ಕೆ ತುಂಬುವಂತೆ ಇಟ್ಟೆವು. ಮೊದಲು ಅಂಗಳದ ಬಿಸಿಲಲ್ಲಿ, 50 ಮೆಗಾಪಿಕ್ಸೆಲ್ ಮೋಡಿನಲ್ಲಿ. ಫೋನ್ ಗೆದ್ದಿತು. ಸಲೀಸಾಗಿ ಗೆದ್ದಿತು. ಒಂದು ಮಿಲಿಮೀಟರಿಗೆ ಹನ್ನೆರಡು ಪಿಕ್ಸೆಲ್ ಇರುವಾಗ ಅರ್ಧ ವ್ಯರ್ಥವಾದರೂ ಧ ಕಾಣಲೇಬೇಕು. ಕಾಗದದ ನಾರೂ ಕಂಡಿತು. ಮಾಣಿ ಮುಖ ನೋಡಬೇಕಿತ್ತು.

ಸಂಜೆ ಒಳಗೆ ಒಂದೇ ಬಲ್ಬಿನ ಬೆಳಕಲ್ಲಿ ಮತ್ತೆ ತೆಗೆದೆವು. ಈಗ 50 ಮೆಗಾಪಿಕ್ಸೆಲ್ ಫೋಟೊ ನೆನೆದ ಪೇಪರಿನ ಹಾಗೆ. ಅಕ್ಷರದ ಅಂಚೆಲ್ಲ ಶಾಯಿ ಹರಡಿದಂತೆ. ಅದೇ ಫೋನನ್ನು ಮಾಮೂಲಿ ಮೋಡಿಗೆ, ಅಂದರೆ 12.5 ಮೆಗಾಪಿಕ್ಸೆಲ್‌ಗೆ ಇಳಿಸಿದರೆ ಫೋಟೊ ಚೆನ್ನಾಗಿ ಬಂತು! ಸಂಖ್ಯೆ ನಾಲ್ಕರಲ್ಲಿ ಒಂದಾಯಿತು, ಗುಣ ಏರಿತು. ಮಾಣಿಗೆ ಅರ್ಥವಾಗಲಿಲ್ಲ. ಕೂರಿಸಿ ಹೇಳಿದೆ.

ಸೆನ್ಸರಿನ ಪಿಕ್ಸೆಲ್‌ಗಳಿಗೆ ತಾವಾಗಿ ಬಣ್ಣ ಗೊತ್ತಾಗುವುದಿಲ್ಲ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರು ಇದಕ್ಕೆ ದಾರಿ ಕಂಡುಹಿಡಿದು 1976ರಲ್ಲಿ ಪೇಟೆಂಟ್ ಪಡೆದರು. ಒಂದೊಂದು ಪಿಕ್ಸೆಲ್ ಮೇಲೆ ಒಂದೊಂದು ಬಣ್ಣದ ಗಾಜು. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದ ಎರಡು ಬಣ್ಣವನ್ನು ಅಕ್ಕಪಕ್ಕದ ಮನೆಯಿಂದ ಕಡ ತಂದು ಲೆಕ್ಕ ಹಾಕುವುದು. ಡಿ40ಯಲ್ಲೂ ಹಾಗೆಯೇ, ಆರು ಮೆಗಾಪಿಕ್ಸೆಲ್ ಅಂದರೂ ಹಸಿರು ನೋಡುವುದು ಮೂರು, ಕೆಂಪು ಒಂದೂವರೆ, ನೀಲಿ ಒಂದೂವರೆ. ಫೋನಿನ ಈ ಸೆನ್ಸರಿನಲ್ಲಿ ಇನ್ನೊಂದು ಚಾಲಾಕಿ ಇದೆ. ನಾಲ್ಕು ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಗಾಜು. ಬಣ್ಣದ ಲೆಕ್ಕಕ್ಕೆ ಅದು ಹುಟ್ಟಿನಿಂದಲೇ 12.5 ಮೆಗಾಪಿಕ್ಸೆಲ್. ಬೆಳಕು ಕಮ್ಮಿ ಇದ್ದಾಗ ನಾಲ್ಕನ್ನೂ ಕೂಡಿಸಿ ಒಂದು ಮಾಡುತ್ತದೆ, ಅದೇ ಅದರ ಸಹಜ ಸ್ಥಿತಿ. ಬಿಸಿಲು ಧಾರಾಳ ಇದ್ದಾಗ ಬಿಡಿಸಿ 50 ಮಾಡಬಹುದು.

ಕೂಡಿಸಿದರೆ ಯಾಕೆ ಒಳ್ಳೆಯದು? ಬೆಳಕು ಕಣಕಣವಾಗಿ ಬೀಳುತ್ತದೆ, ಮಳೆ ಹನಿಯ ಹಾಗೆ ಏರುಪೇರು. ಒಂದು ಪಿಕ್ಸೆಲ್‌ಗೆ ಸರಾಸರಿ 100 ಕಣ ಬಿದ್ದರೆ ಅದು ಒಮ್ಮೆ 90, ಒಮ್ಮೆ 110. ನೂರಕ್ಕೆ ಹತ್ತು ಏರುಪೇರು, ಕಣ್ಣಿಗೆ ರವೆ ರವೆಯಾಗಿ ಕಾಣುತ್ತದೆ. 400 ಬಿದ್ದರೆ ಏರುಪೇರು 20, ಅಂದರೆ ನೂರಕ್ಕೆ ಐದು. ಆ ರವೆಯನ್ನು ಒರೆಸಲು ಹೋಗಿಯೇ ಫೋನಿನ ಸಾಫ್ಟ್‌ವೇರ್ ಅಕ್ಷರವನ್ನೂ ಒರೆಸಿಬಿಟ್ಟದ್ದು.

ಇಲ್ಲಿ ನಾನೂ ಒಂದು ಮೋಸ ಮಾಡಬಹುದಿತ್ತು. ಡಿ40ಯ ಒಂದು ಪಿಕ್ಸೆಲ್ ಫೋನಿನ ಪಿಕ್ಸೆಲ್‌ಗಿಂತ 62 ಪಟ್ಟು ವಿಸ್ತಾರ ಅಂತ ಎದೆ ತಟ್ಟಬಹುದು. ಸುಮಾರು ಜನ ಹಾಗೆಯೇ ಹೇಳುತ್ತಾರೆ. ಆದರೆ ನಾವು ನೋಡುವುದು ಇಡೀ ಫೋಟೊವನ್ನು ತಾನೇ? ಆದ್ದರಿಂದ ಇಡೀ ಸೆನ್ಸರನ್ನೇ ಹೋಲಿಸಬೇಕು. ಡಿ40ದ್ದು 23.7 ಗುಣಿಸು 15.6, ಸುಮಾರು 370 ಚದರ ಮಿಲಿಮೀಟರ್. ಫೋನಿನದು 50. ಏಳು ಪಟ್ಟು ಚಿಲ್ಲರೆ. ಅದೂ ದೊಡ್ಡ ಅಂತರವೇ, ಆದರೆ 62 ಅಲ್ಲ. ಮೇಲಾಗಿ ಈಗಿನ ಸೆನ್ಸರ್ 2006ರದಕ್ಕಿಂತ ಎಷ್ಟೋ ಚುರುಕು.

ಡಿ40ಯಲ್ಲಿ ಅದೇ ಬಲ್ಬಿನ ಬೆಳಕಿಗೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 200, ಎಫ್/5.6, ಸುಮಾರು ಒಂದು ಸೆಕೆಂಡ್. ಸ್ಟ್ಯಾಂಡ್ ಮೇಲೆ ಇದ್ದದ್ದರಿಂದ ಬೆಳಗಿನ ಫೋಟೊ ಹೇಗೋ ಸಂಜೆಯದೂ ಹಾಗೆಯೇ. ಧ ಇದೆ, ಭ ಇದೆ. ಕ್ಯಾಮೆರಾ ಗೆದ್ದಿತು. ಆದರೆ ಸ್ಟ್ಯಾಂಡ್ ತೆಗೆದು ಕೈಯಲ್ಲಿ ಹಿಡಿದು ಐಎಸ್‌ಒ 1600ರಲ್ಲಿ ತೆಗೆದರೆ ರವೆ ಉಪ್ಪಿಟ್ಟು. ಫೋನ್ ಕೈಯಲ್ಲೇ ಹಿಡಿದರೂ ನಾಲ್ಕಾರು ಫೋಟೊ ಒಟ್ಟಿಗೆ ತೆಗೆದು ಸೇರಿಸಿ ಇದಕ್ಕಿಂತ ಶುದ್ಧವಾಗಿ ಕೊಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಅಜ್ಜಿಯ ಫೋಟೊ

ಇಷ್ಟೆಲ್ಲ ಮಾಡಿದ್ದು ಪೇಪರ್ ಓದಲಿಕ್ಕಲ್ಲ. ಜಗುಲಿಗೆ ಅಜ್ಜಿಯದೊಂದು ದೊಡ್ಡ ಫೋಟೊ ಹಾಕಬೇಕು ಅಂತ ಅಮ್ಮ ಹೇಳುತ್ತಲೇ ಇದ್ದರು. ಮಧ್ಯಾಹ್ನ ಮೂರು ಗಂಟೆಗೆ ಪಡಸಾಲೆಯ ಕಿಟಕಿ ಪಕ್ಕ ಅಜ್ಜಿಯನ್ನು ಕೂರಿಸಿದೆ. ಡಿ40, ಎಫ್/2.8, ಐಎಸ್‌ಒ 400, 1/125 ಸೆಕೆಂಡ್. ಕಣ್ಣಿಗೆ ಫೋಕಸ್. ಇಪ್ಪತ್ತು ತೆಗೆದೆ, ಆರು ಸರಿ ಬಂದವು. ಮಾಣಿ ಅಲ್ಲೇ ನಿಂತು ಫೋನಿನಲ್ಲೂ ತೆಗೆದ, ಮಾಮೂಲಿ ಮೋಡಿನಲ್ಲಿ.

ಎರಡನ್ನೂ 12 ಗುಣಿಸು 18 ಇಂಚಿಗೆ ಪ್ರಿಂಟ್ ಹಾಕಿಸಲು ಪೇಟೆಯ ಸ್ಟುಡಿಯೋಗೆ ಕೊಟ್ಟೆ. ಅಲ್ಲಿಯವರು ಫೈಲ್ ನೋಡಿ, "ಸಾರ್, ಇದು ಆರು ಎಂಪಿ, ಒಡೆದು ಹೋಗುತ್ತೆ" ಅಂದರು. ಲೆಕ್ಕ ನೋಡಿದರೆ 3008 ಭಾಗಿಸು 18, ಇಂಚಿಗೆ 167 ಚುಕ್ಕಿ. 300 ಬೇಕು ಅಂತ ಎಲ್ಲರೂ ಹೇಳುವ ಲೆಕ್ಕದ ಪ್ರಕಾರ ಈ ಫೈಲಿಗೆ 10 ಇಂಚಿಗಿಂತ ಮೇಲೆ ಹೋಗುವ ಅರ್ಹತೆ ಇಲ್ಲ. ಆದರೆ ಆ 300 ಬಂದದ್ದು ಪುಸ್ತಕ ಹಿಡಿಯುವ ದೂರಕ್ಕೆ, ಒಂದಡಿಗೆ. ಕಣ್ಣಿನ ಸಾಮರ್ಥ್ಯ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಅಂತ ಹಿಡಿದರೆ, ಒಂದು ಮೀಟರ್ ದೂರದಿಂದ ನೋಡುವವನಿಗೆ 90 ಚುಕ್ಕಿ ಸಾಕು. ಜಗುಲಿಯ ಗೋಡೆಯ ಫೋಟೊವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿಗೆ ಹತ್ತಿರ ಹೋಗಿ ನೋಡಿ, ಮುಖವೆಲ್ಲ ಕಾಳು ಕಾಳು. ರಸ್ತೆಯಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಿಂಟ್ ಬಂತು. ಎರಡನ್ನೂ ಗೋಡೆಗೆ ಒರಗಿಸಿ ಅಜ್ಜಿಗೆ ತೋರಿಸಿದೆವು, ಯಾವುದು ಯಾವುದರದ್ದು ಅಂತ ಹೇಳದೆ. ಫೋನಿನದನ್ನು ಒಂದು ಕ್ಷಣ ನೋಡಿದರು. "ಇದೆಂತ, ಮುಖಕ್ಕೆ ಇಸ್ತ್ರಿ ಹಾಕಿದಾಂಗೆ ಇದ್ದು" ಅಂದರು. ನಾನು ಹತ್ತಿರ ಹೋಗಿ ನೋಡಿದೆ. ಹತ್ತಿರದಿಂದ ಫೋನಿನ ಪ್ರಿಂಟಿನಲ್ಲಿ ಸೀರೆಯ ಅಂಚಿನ ಎಳೆ, ತಲೆಯ ಬಿಳಿ ಕೂದಲು ಇನ್ನೂ ಚೂಪು. ಅದು ನಿಜ. ಆದರೆ ಕೆನ್ನೆಯ ಸುಕ್ಕನ್ನೆಲ್ಲ ಸಾಫ್ಟ್‌ವೇರ್ ರವೆ ಅಂದುಕೊಂಡು ಒರೆಸಿದೆ. ಡಿ40ಯದರಲ್ಲಿ ಸುಕ್ಕು ಸುಕ್ಕಾಗಿಯೇ ಇದೆ, ಕಿಟಕಿಯ ಬೆಳಕು ಮೂಗುಬೊಟ್ಟಿನ ಮೇಲೆ ಒಂದು ಚುಕ್ಕಿಯಾಗಿ ಕೂತಿದೆ, ಹಿಂದಿನ ಗೋಡೆ ಮೆಲ್ಲಗೆ ಕರಗಿದೆ. ಇದರಲ್ಲಿ ಸೆನ್ಸರ್ ಎಷ್ಟು, ಲೆನ್ಸ್ ಎಷ್ಟು, ಸಾಫ್ಟ್‌ವೇರ್ ಎಷ್ಟು ಅಂತ ತೂಗಿ ಹೇಳಲು ಬರುವುದಿಲ್ಲ. ಗೋಡೆಗೆ ಏರಿದ್ದು ಆರು ಮೆಗಾಪಿಕ್ಸೆಲ್‌ನದು.

ಮಂಗಟ್ಟೆ ಹಕ್ಕಿಯ ಮುಂದೆ ಸೋತೆ

ಮಾರನೇ ದಿನವೇ ಹಿತ್ತಲ ಆಚೆಯ ಅತ್ತಿ ಮರಕ್ಕೆ ಮಂಗಟ್ಟೆ ಬಂದು ಕೂತಿತು. ಕ್ಯಾಮೆರಾ ಎತ್ತಿಕೊಂಡು ಓಡಿದೆ. ಸುಮಾರು 30 ಮೀಟರ್ ದೂರ. ಅರ್ಧ ಮೀಟರಿನ ಹಕ್ಕಿ 50 ಎಂಎಂ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಬೀಳುವುದು ಒಂದು ಮಿಲಿಮೀಟರಿಗೂ ಕಡಿಮೆ. ಕೊಕ್ಕಿನಿಂದ ಬಾಲದ ತುದಿಗೆ ನೂರು ಪಿಕ್ಸೆಲ್ ಚಿಲ್ಲರೆ. ಕತ್ತರಿಸಿ ದೊಡ್ಡದು ಮಾಡಿದರೆ ಮಂಗಟ್ಟೆಯೋ ಬಾಳೆಮೂತಿಯೋ ಹೇಳುವುದು ಕಷ್ಟ.

ಇಲ್ಲಿ ಮೆಗಾಪಿಕ್ಸೆಲ್ ಕೆಲಸಕ್ಕೆ ಬರುತ್ತದೆ, ನಿಜವಾಗಿ ಬರುತ್ತದೆ. ಕತ್ತರಿಸಬೇಕಾದಾಗ, ಬಟ್ಟೆಯ ನೇಯ್ಗೆ, ಹಳೇ ತಾಳೆಗರಿ ಇಂಥದ್ದನ್ನು ತೆಗೆಯಬೇಕಾದಾಗ. ಆದರೆ ಅದೂ ಅಂದುಕೊಂಡಷ್ಟು ವೇಗವಾಗಿ ಏರುವುದಿಲ್ಲ. ಇದೇ ಅಳತೆಯ ಸೆನ್ಸರಿನಲ್ಲಿ 24 ಮೆಗಾಪಿಕ್ಸೆಲ್ ಇದ್ದಿದ್ದರೆ ಸಂಖ್ಯೆ ನಾಲ್ಕು ಪಟ್ಟು, ಹಕ್ಕಿಯ ಉದ್ದ ಮಾತ್ರ ಎರಡೇ ಪಟ್ಟು, 200 ಚಿಲ್ಲರೆ. ಅದೇ ಆರು ಮೆಗಾಪಿಕ್ಸೆಲ್‌ಗೆ 300 ಎಂಎಂ ಲೆನ್ಸ್ ಹಾಕಿದರೆ 600 ದಾಟುತ್ತದೆ. ನನ್ನ ಹತ್ತಿರ 24ರದ್ದೂ ಇಲ್ಲ, 300 ಎಂಎಂ ಕೂಡ ಇಲ್ಲ.  ಅಂಕ ಹಕ್ಕಿಗೆ.

ಅಕ್ಕಿ ಡಬ್ಬಿ

ಕೊನೆಯ ಕೆಲಸ, ಮತ್ತೆ ಬೂಷ್ಟು ಬಾರದ ಹಾಗೆ ನೋಡಿಕೊಳ್ಳುವುದು. ರಬ್ಬರ್ ವಾಷರ್ ಇರುವ, ಗಟ್ಟಿ ಮುಚ್ಚಳದ ಅಕ್ಕಿ ಡಬ್ಬಿ ಒಂದನ್ನು ಅಮ್ಮನ ಕೈಕಾಲು ಹಿಡಿದು ತೆಗೆದುಕೊಂಡೆ. ತಳಕ್ಕೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಸ್ಪಂಜು, ಒಳಗೆ ಒಂದು ಪುಟ್ಟ ತೇವಾಂಶದ ಮೀಟರ್. ತೇವಾಂಶ ಶೇಕಡ 60-65ರ ಮೇಲಿದ್ದರೆ ಬೂಷ್ಟಿಗೆ ಹಬ್ಬ. 40ರಿಂದ 50ರ ನಡುವೆ ಇಟ್ಟರೆ ಸಾಕು, ತೀರಾ ಒಣಗಿಸಿದರೆ ಗ್ರೀಸು, ರಬ್ಬರು ಹಾಳು. ಹೊರಗೆ ಜಗುಲಿಯಲ್ಲಿ ಮೀಟರ್ 88 ತೋರಿಸುತ್ತಿತ್ತು. ಡಬ್ಬಿಯೊಳಗೆ ಎರಡು ದಿನಕ್ಕೆ 46ಕ್ಕೆ ಬಂತು. ಪಂಚೆ ತುಂಡನ್ನು ಒಲೆ ಒರೆಸಲು ಕೊಟ್ಟೆ.

ಉಳಿದಿರುವುದು: ವ್ಯೂಫೈಂಡರಿನೊಳಗೆ ಒಂದು ದೂಳಿನ ಕಣ, ಅದು ಫೋಟೊದಲ್ಲಿ ಬರುವುದಿಲ್ಲ, ಹಾಗೇ ಇರಲಿ. ಫ್ಲ್ಯಾಶ್ ಎದ್ದೇಳುತ್ತಿಲ್ಲ, ಅದನ್ನು ಬಿಚ್ಚುವುದಿಲ್ಲ. ಒಳಗಿನ ಕೆಪಾಸಿಟರಿನಲ್ಲಿ ಕ್ಯಾಮೆರಾ ಆಫ್ ಆದ ಮೇಲೂ ನೂರಾರು ವೋಲ್ಟ್ ಕೂತಿರುತ್ತದೆ, ನನಗೆ ಅಷ್ಟು ಧೈರ್ಯವಿಲ್ಲ. ಟ್ರಂಕಿನ ತಳದಲ್ಲಿ ಇನ್ನೊಂದು 18-55 ಲೆನ್ಸ್ ಸಿಕ್ಕಿದೆ, ಅದರಲ್ಲಿ ಬೂಷ್ಟು ಹಿಂದಿನ ಗಾಜಿಗೆ ಹತ್ತಿದೆ. ಅದು ಮುಂದಿನ ಶನಿವಾರಕ್ಕೆ. ಸಿಲಿಕಾ ಜೆಲ್ ಒಂದು ಪೊಟ್ಟಣ ಆಗಲೇ ಕಿತ್ತಳೆಯಿಂದ ಹಸಿರಿಗೆ ತಿರುಗಿದೆ, ನಾಳೆ ಹಳೇ ಬಾಣಲೆಯಲ್ಲಿ ಹುರಿದು ಮತ್ತೆ ಹಾಕಬೇಕು. ಆ ಕೆಲಸ ಮಾಣಿ ಮಾಡುತ್ತಾನಂತೆ.